ಮಾವನ ಬಸ್ಸಿಗೆ ಗ್ರಾಫಿಕ್ಸ್ ಕಾರ್ಡು

ಮದುವೆಯಾದ ಮೇಲೆ ಹೆಂಡತಿಯ ಮನೆಯಲ್ಲೇ ಇರಲು ಬಂದಾಗ ಅಳಿಯ ಜೊತೆಗೆ ತಂದದ್ದು ಎರಡು ಚೀಲ ಬಟ್ಟೆ, ಕೇಕಿನ ಮೇಲೆ ಕೆನೆ ಸವರುವ ಚಪ್ಪಟೆ ಚಾಕುಗಳ ಒಂದು ಕಟ್ಟು ಮತ್ತು ಇಟ್ಟಿಗೆಯಷ್ಟು ದಪ್ಪದ ಒಂದು ಹಳೆಯ ಲ್ಯಾಪ್‌ಟಾಪು. ಒಂಟಿಯಾಗಿದ್ದ ಕಾಲದಲ್ಲಿ ಆಟ ಆಡುವುದಕ್ಕೆಂದೇ ಕೊಂಡಿದ್ದ ಯಂತ್ರ ಅದು. ಅತ್ತೆ ಅದನ್ನು ಒಮ್ಮೆ ಎತ್ತಿ ನೋಡಿ, ನಮ್ಮ ಅಳಿಯಂದಿರ ಆಸ್ತಿ ಕಡಿಮೆ, ತೂಕ ಜಾಸ್ತಿ ಎಂದು ನಕ್ಕು ಮೂಲೆಯ ಮೇಜಿನ ಮೇಲಿಟ್ಟಿದ್ದರು.

ಅಳಿಯ ಬೇಕರಿಯಲ್ಲಿ ಕೆಲಸ ಮಾಡುವವನು. ಬೆಳಕು ಹರಿಯುವ ಮುಂಚೆ ಹೋದರೆ ಮಧ್ಯಾಹ್ನಕ್ಕೆಲ್ಲ ಮನೆಗೆ ಬಂದುಬಿಡುತ್ತಿದ್ದ. ಹೆಂಡತಿ ಚಿತ್ರಕಲೆಯ ಟೀಚರು, ಬರುವುದು ಸಂಜೆಗೆ. ಹಾಗಾಗಿ ದಿನದ ಅರ್ಧ ಹೊತ್ತು ಆ ಮನೆಯಲ್ಲಿ ಅವನಿಗೆ ಅತ್ತೆ ಮತ್ತು ಮಾವನದೇ ಸಹವಾಸ. ಅತ್ತೆಯ ವಿಷಯದಲ್ಲಿ ತೊಂದರೆಯಿರಲಿಲ್ಲ, ಅವರ ಬಾಯಿಗೆ ಬಿಡುವೇ ಇರಲಿಲ್ಲ. ತೊಂದರೆಯಿದ್ದದ್ದು ಮಾವನ ವಿಷಯದಲ್ಲಿ. ಇಡೀ ಆಯುಷ್ಯ ಊರ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ. ಬೆನ್ನ ಹಿಂದೆ ಅಷ್ಟು ವರ್ಷ ಗಲಾಟೆ ಕೇಳಿದ್ದಕ್ಕೋ ಏನೋ, ತಾವು ಮಾತ್ರ ಮಾತಿನಲ್ಲಿ ಬಲು ಜಿಪುಣ. ಅಳಿಯನೊಡನೆ ಅವರ ಸಂಭಾಷಣೆಯೆಂದರೆ “ಊಟ ಆಯ್ತಾ?”, “ಹುಷಾರಾಗಿ ಹೋಗಿ ಬನ್ನಿ”, “ಬಾಗಿಲು ಹಾಕ್ಕೊಳ್ಳಿ”, ಇಷ್ಟೇ. ಅದೂ ತಪ್ಪದೆ ಬಹುವಚನದಲ್ಲಿ. ಬ್ಯಾಂಕಿನ ಮ್ಯಾನೇಜರನ್ನು ಮಾತಾಡಿಸಿದ ಹಾಗೆ ಮಾತಾಡಿಸುತ್ತಿದ್ದರು.

ಸಾಲದ್ದಕ್ಕೆ, ಬಂದ ಹೊಸತರಲ್ಲಿ ಅಳಿಯ ಒಂದು ಎಡವಟ್ಟು ಮಾಡಿಕೊಂಡಿದ್ದ. ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿದೆಯೆಂದು ತಾನೇ ಸ್ಪ್ಯಾನರು ಹಿಡಿದು ಹೊರಟು, ಕೆಳಗಿನ ಇಸ್ತ್ರಿ ಅಂಗಡಿಯ ಮೇಲೆ ನೀರು ಸುರಿಸಿ, ಯಾರದೋ ಕೋಟುಗಳನ್ನು ಎರಡನೇ ಸಲ ತೊಳೆಸಿದ್ದ. ಮಾವ ಒಂದು ಮಾತೂ ಆಡಲಿಲ್ಲ. ಮರುದಿನದಿಂದ ಮನೆಯ ಹತಾರದ ಪೆಟ್ಟಿಗೆ ಬೀರುವಿನ ನೆತ್ತಿಯ ಮೇಲೆ ಹೋಗಿ ಕೂತಿತು. ಆಡದ ಮಾತು ಅಳಿಯನಿಗೆ ಚೆನ್ನಾಗಿ ಕೇಳಿಸಿತು.

ಇಬ್ಬರ ನಡುವೆ ಹಾದಿ ತೆರೆದದ್ದು ಲ್ಯಾಪ್‌ಟಾಪು. ಒಂದು ರಜೆಯ ದಿನ ಅಳಿಯ ಅದರಲ್ಲಿ ಬಸ್ಸು ಓಡಿಸುವ ಆಟವೊಂದನ್ನು ಹಾಕಿಕೊಂಡು ಆಡುತ್ತಿದ್ದ. ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಿದರೆ ಮಾವ. ತುಂಬ ಹೊತ್ತು ನೋಡುತ್ತ ನಿಂತಿದ್ದು ಕೊನೆಗೆ, “ತಿರುವಿನಲ್ಲಿ ಬ್ರೇಕ್ ತುಳೀಬೇಡಿ. ತಿರುವಿಗೆ ಮುಂಚೆ ತುಳೀರಿ. ಹಿಂದೆ ನಿಂತಿರೋರು ಬೀಳ್ತಾರೆ” ಎಂದರು. ಅವರು ಅಳಿಯನೊಡನೆ ಆಡಿದ ಅತಿ ಉದ್ದದ ಮಾತು ಅದು. ಮರುದಿನ ಅವನು ಬೇಕರಿಯಿಂದ ಬರುವಷ್ಟರಲ್ಲಿ ಕುರ್ಚಿ ಮಾವನ ಪಾಲಾಗಿತ್ತು.

ಆಮೇಲೆ ಮಗಳು ಆಟದ ಸ್ಟಿಯರಿಂಗು, ಕಾಲಿಗೆ ಪೆಡಲು ತಂದುಕೊಟ್ಟಳು. ಮಾವ ಬೆಳಿಗ್ಗೆ ಸ್ನಾನ ಮಾಡಿ, ತಲೆ ಬಾಚಿ, ಬೂಟು ಹಾಕಿಕೊಂಡು ಮೇಜಿನ ಮುಂದೆ ಕೂರುವರು. ಬೂಟಿಲ್ಲದೆ ಪೆಡಲು ತುಳಿದರೆ ಗಾಡಿಗೆ ಮರ್ಯಾದೆ ಕೊಟ್ಟಂತಲ್ಲ ಎಂಬುದು ಅವರ ನಂಬಿಕೆ. ಯಾರನ್ನೂ ಹಿಂದೆ ಹಾಕುವವರಲ್ಲ, ಹಳದಿ ದೀಪಕ್ಕೇ ನಿಲ್ಲುವರು. ಅದೇ ಆಟ ಆಡುವ ಎಲ್ಲೆಲ್ಲಿಯ ಹುಡುಗರೋ ಹಿಂದಿನಿಂದ ಹಾರ್ನು ಬಾರಿಸಿ ಬೈದರೂ ಜಪ್ಪಯ್ಯ ಎನ್ನುತ್ತಿರಲಿಲ್ಲ. ಅತ್ತೆ ಹಿಂದೊಂದು ಸ್ಟೂಲು ಹಾಕಿಕೊಂಡು ಕೂತು, ಸೊಪ್ಪು ಬಿಡಿಸುತ್ತ, ಮುಂದಿನ ಸ್ಟಾಪಿನಲ್ಲಿ ಇಳಿಯುವವರಿದ್ದಾರೆ ಎಂದು ಕೀಟಲೆ ಮಾಡುವರು. ಚಾಲಕರ ಜೊತೆ ಮಾತಾಡಬಾರದು ಎಂದು ಮಾವ ಮುಖ ತಿರುಗಿಸದೆ ಗದರುವರು. ಮಧ್ಯಾಹ್ನ ಅಳಿಯ ಬಂದ ಮೇಲೆ ಆ ದಿನದ ರಸ್ತೆಯ ವರದಿ: ಎಲ್ಲಿ ದಟ್ಟಣೆ, ಎಲ್ಲಿ ಮಂಜು, ಯಾವ ಸೇತುವೆ ಕಿರಿದು. ಬೇರೆ ವಿಷಯದಲ್ಲಿ ಮಾತಿಲ್ಲ; ಇಲ್ಲದ ಊರಿನ ರಸ್ತೆಗಳ ವಿಷಯದಲ್ಲಿ ಮಾತ್ರ ಇಬ್ಬರೂ ಹಳೇ ಗೆಳೆಯರು.

ಹೀಗಿರುವಾಗ ಮಾವ ಒಂದು ದಿನ, ರಸ್ತೆಯ ನಡುವಿನ ಬಿಳಿ ಗೆರೆ ಡೊಂಕಾಗಿದೆ ಎಂದರು. ಅಳಿಯ ಬಗ್ಗಿ ನೋಡಿದ. ಗೆರೆ ನೆಟ್ಟಗಿತ್ತು. ಪರದೆ ಒರೆಸಿಕೊಟ್ಟ. ಮತ್ತೆರಡು ದಿನ ಬಿಟ್ಟು ಅದೇ ದೂರು. ಅವನು ಆಟವನ್ನೇ ಅಳಿಸಿ ಮತ್ತೆ ಹಾಕಿದ. ಮಾವ ಗೊಣಗುತ್ತ ಓಡಿಸಿದರು. ಅವನಿಗೆ ಒಳಗೊಳಗೇ, ವಯಸ್ಸಾದವರ ಸಂಶಯ ಇದು ಅನ್ನಿಸಿತ್ತು.

ಆದರೆ ಆಮೇಲಿನ ವಾರ ಪರದೆಯ ಮೇಲೆ ನಿಜಕ್ಕೂ ನೇರಳೆ ಪಟ್ಟೆಗಳು ಬಂದವು. ಮರಗಳು ತ್ರಿಕೋನಗಳಾದವು. ಒಂದು ಮನೆ ಬುಡಸಮೇತ ಎದ್ದು ಆಕಾಶಕ್ಕೆ ಹೋಯಿತು. ಕಡೆಗೆ ಒಂದು ಬೆಳಿಗ್ಗೆ ತುಂಬಿದ ಬಸ್ಸು ಸೇತುವೆ ದಾಟುತ್ತಿರುವಾಗಲೇ ಎಲ್ಲ ಕಪ್ಪಾಗಿ, ಒಳಗಿನ ಫ್ಯಾನು ಮಾತ್ರ ಹುಯ್ಯೆಂದು ಕೂಗಿಕೊಂಡಿತು. ಪ್ರಯಾಣಿಕರ ಗತಿ ಏನಾಯಿತೋ ಎಂದು ಅತ್ತೆ ಪೇಚಾಡಿದರು. ಮಧ್ಯಾಹ್ನ ಬಂದು ವಿಷಯ ಕೇಳಿ ಅಳಿಯನಿಗೆ ನಾಚಿಕೆಯಾಯಿತು. ಗಾಡಿಗೆ ಏನೋ ಆಗಿದೆಯೆಂದು ಡ್ರೈವರು ಮೊದಲೇ ಹೇಳಿದ್ದರಲ್ಲ, ತಾನು ಕಿವಿಗೆ ಹಾಕಿಕೊಳ್ಳಲಿಲ್ಲವಲ್ಲ ಎಂದುಕೊಂಡ. ಮಾವ ಮಾತ್ರ ಅಂಥ ಬೇಸರದಲ್ಲಿದ್ದಂತೆ ಕಾಣಲಿಲ್ಲ. ಯಂತ್ರವನ್ನು ಮತ್ತೆ ಹಾಕಿದಾಗ ಮೂಡಿದ ಪಟ್ಟೆಗಳನ್ನು ಬೆರಳಿಟ್ಟು ತೋರಿಸಿ, “ನೋಡಿದ್ರಾ? ನಾನು ಹೇಳ್ಲಿಲ್ವಾ?” ಎಂದಾಗ ಅವರ ಮುಖ ಅರಳಿದಂತೆಯೇ ಇತ್ತು.

ಮಳಿಗೆಗಳ ಸಂಕೀರ್ಣವೊಂದರ ನೆಲಮಾಳಿಗೆಯಲ್ಲಿ ಲ್ಯಾಪ್‌ಟಾಪು ರಿಪೇರಿ ಮಾಡುವ ಹೆಂಗಸೊಬ್ಬಳಿದ್ದಳು. ಹಣೆಯ ಮೇಲೆ ಯಾವಾಗಲೂ ಭೂತಗನ್ನಡಿ ಕಟ್ಟಿಕೊಂಡಿರುತ್ತಿದ್ದಳಾದ್ದರಿಂದ ಅಕ್ಕಪಕ್ಕದ ಅಂಗಡಿಯವರೆಲ್ಲ ಅವಳನ್ನು ಕನ್ನಡಿ ಅಕ್ಕ ಎನ್ನುತ್ತಿದ್ದರು. ಮಾವ, ಅಳಿಯ ಇಬ್ಬರೂ ಅಲ್ಲಿಗೆ ಹೋದರು. ಅವಳು ಲ್ಯಾಪ್‌ಟಾಪಿಗೆ ಬೇರೊಂದು ಪರದೆ ಸಿಕ್ಕಿಸಿ ನೋಡಿದಳು. ಅದರ ಮೇಲೂ ಅದೇ ಪಟ್ಟೆ. ಹಾಗಾದರೆ ದೋಷ ಪರದೆಯದಲ್ಲ, ಚಿತ್ರ ಬಿಡಿಸಿ ಕಳಿಸುವ ಗ್ರಾಫಿಕ್ಸ್ ಕಾರ್ಡಿನದು ಎಂದಳು. ಈಗಿನ ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಅದನ್ನು ಮುಖ್ಯ ಹಲಗೆಗೇ ಬೆಸೆದಿರುತ್ತಾರೆ, ಕೆಟ್ಟರೆ ಆಸೆ ಬಿಡಬೇಕು; ಈ ದಪ್ಪ ಮುದುಕನಲ್ಲಿ ಅದು ಬೇರೆಯೇ ಇದೆ, ಬಿಚ್ಚಿ ಬದಲಾಯಿಸಬಹುದು. ಅದೃಷ್ಟಕ್ಕೆ ಇದೇ ಜಾತಿಯ ಇನ್ನೊಂದು ಯಂತ್ರ ಕಾಫಿ ಕುಡಿದು ಸತ್ತದ್ದು ಅವಳಲ್ಲಿತ್ತು. ಅದರ ಕಾರ್ಡು ಗಟ್ಟಿಮುಟ್ಟಾಗಿತ್ತು. ಇಲ್ಲೇ ಬಿಟ್ಟು ಹೋಗಿ, ವಾರದೊಳಗೆ ಮಾಡಿಡುತ್ತೇನೆ ಎಂದಳು.

ಪಕ್ಕದಲ್ಲಿ ನಿಂತು ನೋಡುತ್ತೇನೆ ಎಂದರು ಮಾವ. ಕನ್ನಡಿ ಅಕ್ಕ ಗಿರಾಕಿಗಳನ್ನು ಒಳಗೆ ಬಿಡುವವಳಲ್ಲ. ಮಾವ ಲ್ಯಾಪ್‌ಟಾಪು ಮಡಚಿ ಕಂಕುಳಿಗೆ ಸೇರಿಸಿ ಎದ್ದರು. ಅವರು ಕೆಲಸದಲ್ಲಿದ್ದಾಗಲೂ ಅಷ್ಟೇ, ತಮ್ಮ ಬಸ್ಸನ್ನು ಡಿಪೋದವರು ಬಿಚ್ಚಿದರೆ ತಾವು ಊಟ ಬಿಟ್ಟು ಅಲ್ಲೇ ನಿಲ್ಲುತ್ತಿದ್ದರಂತೆ. ಅವಳು ಅವರ ಮುಖ ನೋಡಿದಳು, ಅಳಿಯನ ಮುಖ ನೋಡಿದಳು, ನಗು ತಡೆದುಕೊಂಡು ಕಾರ್ಡನ್ನು ಬೆಳ್ಳಿ ಬಣ್ಣದ ಚೀಲದಲ್ಲಿ ಹಾಕಿ ಕೊಟ್ಟಳು. ಬಿಸಿ ಸಾಗಿಸುವ ಬೂದು ಬಣ್ಣದ ಪೇಸ್ಟಿನ ಪುಟ್ಟ ಕೊಳವೆಯನ್ನೂ ಕೊಟ್ಟು, ಸತ್ತ ಯಂತ್ರವನ್ನೇ ಮುಂದಿಟ್ಟುಕೊಂಡು ಎಲ್ಲಿ ಬಿಚ್ಚಬೇಕು, ಎಲ್ಲಿ ಒತ್ತಬೇಕು ಎಂದು ಅಳಿಯನಿಗೆ ಪಾಠ ಹೇಳಿದಳು. “ಎಲ್ಲಾದ್ರೂ ಜೋರಾಗಿ ಬಲ ಹಾಕ್ಬೇಕು ಅನ್ನಿಸ್ತು ಅಂದ್ರೆ ಏನೋ ತಪ್ಪು ಮಾಡ್ತಿದ್ದೀರ ಅಂತ ಅರ್ಥ. ಕೈ ತೆಗೀರಿ, ನೀರು ಕುಡೀರಿ, ಮತ್ತೆ ನೋಡಿ” ಎಂದಳು.

ರಜೆಯ ದಿನ ಮಧ್ಯಾಹ್ನ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಲಾಯಿತು. ಹತಾರದ ಪೆಟ್ಟಿಗೆ ಬೀರುವಿನಿಂದ ಕೆಳಗಿಳಿಯಿತು. ಅಳಿಯ ಬೇಕರಿಯಿಂದ ಕಪ್‌ಕೇಕಿನ ಅಚ್ಚು ತಂದಿದ್ದ. ಒಂದೊಂದು ಗುಳಿಗೆ ಒಂದೊಂದು ಭಾಗದ ಸ್ಕ್ರೂ. ಆಪರೇಷನ್ ಅಂದರೆ ಇದೇ ಎಂದು ಅತ್ತೆ ಸ್ಟೂಲು ಎಳೆದುಕೊಂಡು ಕೂತರು. ಹೆಂಡತಿ ಬಾಗಿಲಿಗೊರಗಿ ನಿಂತಳು; ನಲ್ಲಿಯ ಕಥೆ ಅವಳು ಮರೆತಿರಲಿಲ್ಲ.

ಬ್ಯಾಟರಿ ತೆಗೆದದ್ದು ಮಾವ. ಮೊದಲ ಸ್ಕ್ರೂಗೂ ಅವರೇ ಕೈಹಾಕಿದರು. ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ತಲೆಯನ್ನು ಬಿಟ್ಟು ಪಕ್ಕಕ್ಕೆ ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು. ಅವರು “ನನ್ನ ಬೆರಳು ದಪ್ಪ. ನೀವೇ ಮಾಡಿ” ಎಂದು ಅದನ್ನು ಅಳಿಯನ ಕೈಗಿಟ್ಟರು. ಅಳಿಯನ ಬೆರಳುಗಳು ಅವರವಕ್ಕಿಂತ ದಪ್ಪ. ಆದರೆ ಅದೆಲ್ಲ ಅವನ ತಲೆಗೆ ಹೋಗಲಿಲ್ಲ. ಮಾವ ತನ್ನ ಮೇಲೆ ನಂಬಿಕೆಯಿಟ್ಟು ಸ್ಕ್ರೂಡ್ರೈವರು ಕೊಟ್ಟರಲ್ಲ ಎಂದು ಎದೆಯುಬ್ಬಿಸಿಕೊಂಡು ಕೆಲಸಕ್ಕೆ ಕೂತ.

ಹಿಂದಿನ ಮುಚ್ಚಳ ತೆಗೆದರೆ ಒಳಗೆ ವರ್ಷಗಳ ಧೂಳು ಕಂಬಳಿಯಂತೆ ಹೊದ್ದುಕೊಂಡಿತ್ತು. ಕುಂಚದಿಂದ ಗುಡಿಸಿದರು. ತಾಮ್ರದ ಕೊಳವೆಗಳ ಕೆಳಗೆ, ಅಂಗೈಯಷ್ಟಗಲದ ಹಸಿರು ಹಲಗೆ: ಅದೇ ಕಾರ್ಡು. ಕೊಳವೆಯ ಸ್ಕ್ರೂಗಳನ್ನು ಒಂದೇ ಸಲ ಬಿಚ್ಚದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸಡಿಲಿಸಬೇಕಿತ್ತು. ಮಾವನಿಗೆ ಅದನ್ನು ಹೇಳಬೇಕಾಗಿರಲಿಲ್ಲ. ಚಕ್ರದ ನಟ್ಟುಗಳೂ ಹಾಗೇ ಎಂದರು. ಹಳೆಯ ಕಾರ್ಡು ಹೊರಬಂತು. ಅದರ ಚಿಪ್‌ನ ಮೇಲಿದ್ದ ಪೇಸ್ಟು ಒಣಗಿ ಹಕ್ಕಳೆಯಾಗಿತ್ತು. ಹೊಸತನ್ನು ಓರೆಯಾಗಿ ಅದರ ಸಂದಿಯೊಳಗೆ ತೂರಿಸಿ, ಮೆಲ್ಲಗೆ ಕೆಳಕ್ಕೆ ಒತ್ತಿ ಹಿಡಿಯಬೇಕು. ಒತ್ತಿದರೆ ಅದು ಸ್ಪ್ರಿಂಗಿನಂತೆ ಮೇಲೇಳುತ್ತಿತ್ತು. ಅಳಿಯನ ಹಣೆಯಲ್ಲಿ ಬೆವರು ಹನಿಯಿತು. ಎದುರಿನಿಂದ ಮಾವನ ಕೈ ಬಂದು ಕಾರ್ಡಿನ ಒಂದು ಅಂಚನ್ನು ಒತ್ತಿತು.

“ಆ ಕಡೆ ಹಿಡ್ಕೋ. ಬಿಡ್ಬೇಡ. ಹಾಂ, ಈಗ ಸ್ಕ್ರೂ ಹಾಕು.”

ಹಿಡ್ಕೊಳ್ಳಿ ಅಲ್ಲ, ಹಿಡ್ಕೋ. ಹಾಕಿ ಅಲ್ಲ, ಹಾಕು. ಅಳಿಯ ತಲೆ ಎತ್ತದೆ ಸ್ಕ್ರೂ ತಿರುಗಿಸಿದ. ಕಿವಿ ಮಾತ್ರ ನೆಟ್ಟಗಾಗಿತ್ತು. ಮಾವನಿಗೆ ತಾನೇನು ಅಂದೆನೆಂಬ ಅರಿವೇ ಇದ್ದಂತಿರಲಿಲ್ಲ. ಬಾಗಿಲಿನಲ್ಲಿ ನಿಂತಿದ್ದ ಹೆಂಡತಿ ಹುಬ್ಬೇರಿಸಿ ಅವ್ವನ ಕಡೆ ನೋಡಿದಳು.

ಪೇಸ್ಟು ಸವರುವ ಸರದಿ ಬಂದಾಗ ಅಳಿಯ ಎದ್ದುಹೋಗಿ ಕೆನೆ ಸವರುವ ತನ್ನ ಚಾಕುಗಳಲ್ಲೇ ಅತಿ ಚಿಕ್ಕದನ್ನು ತೊಳೆದು ತಂದ. ಚಿಪ್‌ನ ಮೇಲೆ ಒಂದೇ ಒಂದು ಕಾಳಿನಷ್ಟು ಹಿಂಡಿ, ಮಣಿಕಟ್ಟು ಆಡಿಸಿದ್ದು ಕಾಣದ ಹಾಗೆ, ಒಂದು ಗೀರು, ಒಂದು ಗುಳ್ಳೆ ಇಲ್ಲದೆ, ಮೂಲೆಯಿಂದ ಮೂಲೆಗೆ ಹರಡಿದ. ನಲ್ಲಿಯ ಮುಂದೆ ಸೋತ ಕೈ ಇಲ್ಲಿ ಸೋಲಲಿಲ್ಲ. ಮಾವ ಬಗ್ಗಿ ನೋಡಿ, “ಇದು ನಿನಗೇ ಸೇರಿದ ಕೆಲಸ ಬಿಡು” ಎಂದರು.

ಎಲ್ಲ ಮುಚ್ಚಿ ಗುಂಡಿ ಒತ್ತಿದರೆ ಪರದೆ ಕಪ್ಪು. ಅಳಿಯ ಗುಂಡಿಯನ್ನು ಮತ್ತೊಮ್ಮೆ ಒತ್ತಿದ. ಅತ್ತೆ, ಹೋದರೆ ಹೋಯಿತು, ಹೊಸತು ತಂದರಾಯಿತು ಎಂದು ಸಮಾಧಾನ ಹೇಳಲು ಶುರುಮಾಡಿದರು. ಮಾವ ಕೈಯೆತ್ತಿ ಅವರನ್ನು ತಡೆದು, ತಲೆ ಬಗ್ಗಿಸಿ ಮೇಜಿಗೆ ಕಿವಿಯಿಟ್ಟರು. ಫ್ಯಾನು ತಿರುಗುತ್ತಿಲ್ಲ ಎಂದರು. ಮತ್ತೆ ಬಿಚ್ಚಿ ನೋಡಿದರೆ ನಿಜ. ಫ್ಯಾನಿನ ಸಣ್ಣ ತಂತಿ ಸಿಕ್ಕಿಸದೆ ಹಾಗೇ ನೇತಾಡುತ್ತಿತ್ತು. ಜೊತೆಗೆ ಕಾರ್ಡೂ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದಿತ್ತು. ಎರಡನ್ನೂ ಸರಿಮಾಡಿದರು. ಈ ಸಲ ಗುಂಡಿ ಒತ್ತಿದಾಗ ಫ್ಯಾನು ನಿಟ್ಟುಸಿರು ಬಿಟ್ಟ ಹಾಗೆ ತಿರುಗಿ, ಪರದೆ ಬೆಳಗಿತು. ಪಟ್ಟೆಯಿಲ್ಲ, ತ್ರಿಕೋನವಿಲ್ಲ. ಹೆಂಡತಿ ಬಂದು ಗಂಡನ ಬೆವರಿದ ನೆತ್ತಿಯನ್ನು ಸೆರಗಿನಿಂದ ಒರೆಸಿದಳು.

ಮಾವ ಹೋಗಿ ಬೂಟು ಹಾಕಿಕೊಂಡು ಬಂದರು. ಎಲ್ಲರೂ ಹಿಂದೆ ನಿಂತರು. ಬಸ್ಸು ನಿಲ್ದಾಣದಿಂದ ಹೊರಟಿತು. ಮರಗಳಿಗೆ ಎಲೆಗಳು ಬಂದಿದ್ದವು, ಮನೆಗಳು ನೆಲದ ಮೇಲಿದ್ದವು. ಸಮುದ್ರದ ಪಕ್ಕದ ಉದ್ದನೆಯ ನೇರ ರಸ್ತೆಗೆ ಬಂದಾಗ ಮಾವ ವೇಗ ತಗ್ಗಿಸಿದರು. ಆಮೇಲೆ, ಸ್ಟಾಪೇ ಇಲ್ಲದ ಕಡೆ ನಿಲ್ಲಿಸಿಬಿಟ್ಟರು.

“ಗೆರೆ ಇನ್ನೂ ಡೊಂಕಿದೆ” ಎಂದರು.

ಅಳಿಯ ಧಾವಿಸಿ ಪರದೆಯ ಹತ್ತಿರ ಬಂದ. ಬಗ್ಗಿ ನೋಡಿದ. ಗೆರೆ ದಾರ ಹಿಡಿದು ಎಳೆದಂತೆ ನೇರವಾಗಿತ್ತು. ಹೆಂಡತಿಗೂ ನೇರವಾಗಿಯೇ ಕಂಡಿತು. ಅತ್ತೆ ಕನ್ನಡಕ ಏರಿಸಿ ನೋಡಿ, ನನ್ನ ಬೈತಲೆಗಿಂತ ನೆಟ್ಟಗಿದೆ ಎಂದರು. ಮಾವ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಹೌದು ಹೌದು, ಸರಿಯಿದೆ, ನಾನೇ ಸರಿಯಾಗಿ ನೋಡಲಿಲ್ಲ ಎಂದು ಗಡಿಬಿಡಿಯಿಂದ ಗೇರು ಹಾಕಿದರು.

ಅಳಿಯನನ್ನು ಚುಚ್ಚಿದ್ದು ಆ ಗಡಿಬಿಡಿ. ಒಮ್ಮೆ ಆಡಿದ ಮಾತನ್ನು ಈ ಮನುಷ್ಯ ಯಾವತ್ತೂ ಹಿಂತೆಗೆದುಕೊಂಡವರಲ್ಲ. ಪಕ್ಕಕ್ಕೆ ಜಾರಿದ ಸ್ಕ್ರೂಡ್ರೈವರು ಅವನ ಕಣ್ಣ ಮುಂದೆ ಬಂತು. ಇನ್ನೊಂದು ಪರದೆಯ ಮೇಲೂ ಅದೇ ಪಟ್ಟೆ ಕಂಡರೆ ದೋಷ ಪರದೆಯದಲ್ಲ ಎಂದು ಕನ್ನಡಿ ಅಕ್ಕ ಹೇಳಿದ್ದಳು. ಹಾಗಾದರೆ ಕಾರ್ಡು ಬದಲಾಯಿಸಿದ ಮೇಲೂ ಗೆರೆ ಡೊಂಕಾಗಿಯೇ ಕಂಡರೆ?

ಅತ್ತೆ, ಮಗಳು ಅಡುಗೆಮನೆಗೆ ಹೋದ ಮೇಲೆ ಅವನು ಬೇಕರಿಯಿಂದ ಅಚ್ಚಿನ ಜೊತೆ ತಂದಿದ್ದ, ಕೇಕು ಆರಿಸುವ ತಂತಿಯ ತಟ್ಟೆಯನ್ನು ಎತ್ತಿಕೊಂಡು ಬಂದ. ಉದ್ದಕ್ಕೂ ಅಡ್ಡಕ್ಕೂ ತಂತಿ ಹೆಣೆದು ಚೌಕಚೌಕವಾಗಿರುವ ತಟ್ಟೆ. ದಿನವೂ ಅವನ ಕೈಯಲ್ಲಿ ಆಡುವಂಥದು, ಅದರ ಒಂದು ತಂತಿಯೂ ಬಾಗಿಲ್ಲವೆಂದು ಅವನಿಗೆ ಗೊತ್ತು. ಅದನ್ನು ಮಾವನ ಮುಖದೆದುರು ಹಿಡಿದು, ಒಂದು ಕಣ್ಣು ಮುಚ್ಚಿಕೊಂಡು ನೋಡಿ ಎಂದ. ಬಲಗಣ್ಣಿಗೆ ಎಲ್ಲ ನೆಟ್ಟಗಿತ್ತು. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದ ಮಾವ ತಟ್ಟೆಯನ್ನು ಕೈಗೆ ತೆಗೆದುಕೊಂಡು ಹತ್ತಿರಕ್ಕೂ ದೂರಕ್ಕೂ ಹಿಡಿದರು.

“ನಡುವೆ ಬಗ್ಗಿದೆ” ಎಂದರು ಕಡೆಗೆ. “ಯಾರೋ ಬೆರಳಿಟ್ಟು ಒತ್ತಿದ ಹಾಗೆ.”

“ಯಾವಾಗಿಂದ ಮಾವ?”

ಸ್ವಲ್ಪ ದಿನವಾಯಿತು ಎಂದರು. ಮೊದಲು ಪೇಪರಿನ ಅಕ್ಷರ ಕುಣಿದಂತಾಯಿತಂತೆ. ಆಮೇಲೆ ರಸ್ತೆಯ ಗೆರೆ. “ಪಟ್ಟೆ ಬಂತಲ್ಲ, ಆವತ್ತು ನನಗೆಷ್ಟು ಖುಷಿ ಆಯ್ತು ಗೊತ್ತಾ? ಕೆಟ್ಟಿರೋದು ಗಾಡಿ, ನಾನಲ್ಲ ಅಂದ್ಕೊಂಡೆ. ಕಾರ್ಡು ಬದಲಾಯಿಸಿದ್ರೆ ಎಲ್ಲ ಹೋಗುತ್ತೆ ಅಂದ್ಕೊಂಡೆ.” ತಂತಿಯ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಸವರಿದರು. “ನಿಜವಾದ ಬಸ್ಸು ಬಿಟ್ಟಾಯ್ತು. ಹೇಳಿದ್ರೆ ನೀವೆಲ್ಲ ಸೇರಿ ಇದನ್ನೂ ಬಿಡಿಸ್ತೀರ.”

ಅಳಿಯ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಬಿಡಿಸುವ ಮಾತಲ್ಲ, ಓಡಿಸುತ್ತಲೇ ಇರಬೇಕಾದರೆ ತೋರಿಸಬೇಕು ಎಂದ. ಡಿಪೋದಲ್ಲಿ ಗಾಡಿ ಬಿಚ್ಚಿದಾಗ ಊಟ ಬಿಟ್ಟು ನಿಲ್ಲುತ್ತಿದ್ದ ಮನುಷ್ಯ ತನ್ನ ಕಣ್ಣಿನ ವಿಷಯದಲ್ಲಿ ಹೀಗೆ ಕಣ್ಣುಮುಚ್ಚಾಲೆ ಆಡಿದರೆ ಹೇಗೆ ಎಂದು ಸ್ವಲ್ಪ ಗದರಿಸಿಯೇ ಕೇಳಿದ. ಮಾವನನ್ನು ಗದರಿಸುತ್ತಿದ್ದೇನೆಂಬುದು ಅವನಿಗೆ ಆಮೇಲೆ ಹೊಳೆಯಿತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ ಏನೋ. ಬಂದು ಗಂಡನ ಎದುರು ಕೆಳಗೆ ಕೂತು, ಅವರ ಬೂಟಿನ ದಾರ ಬಿಚ್ಚತೊಡಗಿದರು.

ಮರುದಿನ ಅಳಿಯ ಬೇಕರಿಗೆ ರಜೆ ಹೇಳಿ ಮಾವನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ತಾಳ್ಮೆಯವರು. ಕಣ್ಣಿಗೆ ಹನಿ ಹಾಕಿ, ಬೆಳಕು ಬಿಟ್ಟು, ಚಿತ್ರ ತೆಗೆದು ನೋಡಿದರು. ಎಡಗಣ್ಣಿನ ಹಿಂಭಾಗದಲ್ಲಿ, ನೇರವಾದದ್ದನ್ನು ನೇರವಾಗಿ ಕಾಣಿಸುವ ಜಾಗದಲ್ಲೇ, ಒಂದು ಸಣ್ಣ ರಕ್ತನಾಳ ಜಿನುಗುತ್ತಿದೆ ಎಂದರು. ಹಲವರು ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆಂದು ಸುಮ್ಮನಿದ್ದುಬಿಟ್ಟು, ನಡುವಿನ ನೋಟ ಪೂರಾ ಹೋದ ಮೇಲೆ ಬರುತ್ತಾರೆ; ನೀವು ಬೇಗ ಬಂದಿರಿ, ಇಂಜೆಕ್ಷನ್ ಕೊಟ್ಟು ತಡೆಯಬಹುದು ಎಂದರು. ಮಾವ ಸರಿ ಎಂದು ಅಂಗಿಯ ತೋಳು ಮಡಚತೊಡಗಿದರು. ಇಂಜೆಕ್ಷನ್ ತೋಳಿಗಲ್ಲ, ಕಣ್ಣಿಗೆ ಎಂದರು ಡಾಕ್ಟರಮ್ಮ. ಮಾವ ತೋಳು ಇಳಿಸಿ, ಎದ್ದು ನಿಂತು, ಮನೆಯಲ್ಲಿ ಕೆಲಸವಿದೆ ಎಂದು ಬಾಗಿಲಿನತ್ತ ನಡೆದರು.

ಅಳಿಯ ತಡೆಯಲಿಲ್ಲ, ಬೋಧನೆ ಮಾಡಲಿಲ್ಲ. ಜೊತೆಯಲ್ಲೇ ಪಡಸಾಲೆಗೆ ಬಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂತ. ತನಗೂ ಸೂಜಿಯೆಂದರೆ ಜೀವ ಹೋಗುತ್ತದೆ ಎಂದ. ನಿಮ್ಮ ಮಗಳನ್ನು ನೋಡಲು ಮೊದಲ ಸಲ ನಿಮ್ಮ ಮನೆಗೆ ಬಂದಾಗ ಇನ್ನೂ ಹೆದರಿಕೆಯಾಗಿತ್ತು, ಮೆಟ್ಟಿಲಿನಿಂದಲೇ ಎರಡು ಸಲ ವಾಪಸ್ಸು ಹೋಗಿದ್ದೆ, ಮೂರನೇ ಸಲ ಬಾಗಿಲು ತೆಗೆದದ್ದು ನೀವು ಎಂದ. ಮಾವ ಅವನನ್ನು ಓರೆಗಣ್ಣಿನಿಂದ ನೋಡಿದರು.

“ನಾನು ಅಷ್ಟು ಭಯಂಕರವಾಗಿದ್ನಾ?”

“ಈಗ ಸ್ವಲ್ಪ ಪರವಾಗಿಲ್ಲ.”

ಮಾವ ನಕ್ಕರು. ಅವರು ಸದ್ದು ಮಾಡಿ ನಕ್ಕದ್ದನ್ನು ಅಳಿಯ ನೋಡಿದ್ದು ಅದೇ ಮೊದಲು. ಆಮೇಲೆ ಎದ್ದು ತಾವಾಗಿಯೇ ಒಳಗೆ ಹೋದರು. ಬಾಗಿಲು ಮುಚ್ಚುವ ಮುಂಚೆ, ಎಷ್ಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದೀರಿ, ಅಪಘಾತವೇನಾದರೂ ಆಗಿದೆಯೇ ಎಂದು ಡಾಕ್ಟರಮ್ಮನನ್ನು ವಿಚಾರಿಸುವುದು ಅಳಿಯನಿಗೆ ಕೇಳಿಸಿತು.

ನೋವು ಅವರು ಹೆದರಿದಷ್ಟಿರಲಿಲ್ಲ. ತಿಂಗಳಿಗೊಮ್ಮೆ ಇಬ್ಬರೂ ಹೋಗಿ ಬರುವುದು ರೂಢಿಯಾಯಿತು. ಗೆರೆ ದಿನೇದಿನೇ ನೆಟ್ಟಗಾಗುತ್ತ ಬಂದು, ಕಡೆಗೆ ಊಟ ಮಾಡಿದ ಹೊಟ್ಟೆಯಷ್ಟು ಮಾತ್ರ ಉಬ್ಬು ಉಳಿದಿದೆ ಎಂದರು ಮಾವ. ಅಷ್ಟು ಉಳಿಯಬಹುದು, ಆದರೆ ಹೆಚ್ಚಬಾರದು, ನೋಡುತ್ತಿರಬೇಕು ಎಂದರು ಡಾಕ್ಟರಮ್ಮ. ಬಸ್ಸು ಮತ್ತೆ ದಿನವೂ ಹೊರಟಿತು. ಇಂಜೆಕ್ಷನ್ ಆದ ದಿನ ಮಾತ್ರ ಸ್ಟಿಯರಿಂಗು ಅಳಿಯನಿಗೆ. ಮಾವ ಒಂಟಿ ಕಣ್ಣಿನಲ್ಲಿ ಪಕ್ಕದಲ್ಲಿ ಕೂತು, ಅವನು ಮಾಡಿದ ಪ್ರತಿ ತಪ್ಪನ್ನೂ ಏಕವಚನದಲ್ಲಿ ಎತ್ತಿ ತೋರಿಸುವರು.

ಅಂಥ ಒಂದು ದಿನ ಆಸ್ಪತ್ರೆ ಮುಗಿಸಿ ಇಬ್ಬರೂ ಊರ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದರು. ಮಾವ ಡ್ರೈವರಿನ ಹಿಂದಿನ ಸೀಟೇ ಬೇಕೆಂದು ಹಿಡಿದಿದ್ದರು. ಸ್ವಲ್ಪ ದೂರ ಹೋದ ಮೇಲೆ, ಡ್ರೈವರು ಹುಡುಗ ಪರವಾಗಿಲ್ಲ, ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಇರುವುದು ಬಿಡಬೇಕು ಎಂದು ಪಿಸುಗುಟ್ಟಿದರು. ಆಮೇಲೆ ಮಾತು ನಿಂತಿತು. ಕಣ್ಣಿಗೆ ಪಟ್ಟಿ ಕಟ್ಟಿದ ತಲೆ ಮೆಲ್ಲಗೆ ವಾಲಿ ಅಳಿಯನ ಹೆಗಲ ಮೇಲೆ ಬಂದು ಕೂತಿತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ಅವರ ಕೈಗಳ ಮೇಲೆ ಬಿದ್ದಿತ್ತು. ಇಳಿಯಬೇಕಾದ ಸ್ಟಾಪು ಬಂತು. ಇಸ್ತ್ರಿ ಅಂಗಡಿ ಕಂಡಿತು, ಮೇಲಿನ ಕಿಟಕಿಯಲ್ಲಿ ಅತ್ತೆ ಒಣಹಾಕಿದ ಟವೆಲ್ಲೂ ಕಂಡಿತು. ಡ್ರೈವರು ಕನ್ನಡಿಯಲ್ಲಿ ಅವನ ಕಡೆ ನೋಡಿದ. ಅಳಿಯ ಇಳಿಯುವುದಿಲ್ಲವೆಂದು ತಲೆಯಾಡಿಸಿ, ಹೆಗಲು ಅಲುಗದಂತೆ ಇನ್ನೊಂದು ಕೈಯಿಂದ ಫೋನು ತೆಗೆದು, ಕೊನೆಯ ಸ್ಟಾಪಿನವರೆಗೆ ಹೋಗಿ ಬರುತ್ತೇವೆ, ಊಟಕ್ಕೆ ಕಾಯಬೇಡಿ ಎಂದು ಅತ್ತೆಗೆ ಬರೆದ.